ಬಾಗಿಲು ಹಾಕಿ ಹೇಳಿದ ವಯಸ್ಸು

“ಜನನದ ದಾಖಲೆ ಯಾರದ್ದೋ ಅವರಿಗೆ ಮಾತ್ರ ಹೇಳ್ಲಿಕ್ಕೆ ಉಂಟು. ನೀವು ಹೊರಗೆ ನಿಲ್ಲಿ,” ಎಂದು ಗುಮಾಸ್ತರು ನನ್ನನ್ನು ಕಚೇರಿಯ ಜಗಲಿಗೆ ಕಳಿಸಿ ಚಿಲಕ ಹಾಕಿಕೊಂಡರು. ಒಳಗೆ ಉಳಿದದ್ದು ಅವರು ಮತ್ತು ನನ್ನ ತೆರೆಜಾ ದೊಡ್ಡಮ್ಮ. ಐವತ್ತರ ದಶಕದ ಮಂಗಳೂರಿನಲ್ಲಿ ದೊಡ್ಡಮ್ಮ ಟೀಚರು. ಈ ವರ್ಷವೇ ನಿವೃತ್ತಿ ಎಂದು ಶಾಲೆಯವರ ಹಠ, ಇನ್ನೂ ಸಮಯ ಉಂಟೆಂದು ಇವರ ಹಠ; ಹುಟ್ಟಿದ ದಿನ ಯಾವುದೆಂದು ದಾಖಲೆಯಲ್ಲೇ ನೋಡಿಸಲು ಬಂದಿದ್ದೆವು. ದೊಡ್ಡಮ್ಮನಿಗೆ ಕಿವಿ ಮಂದ ಎಂದು ಹೇಳಲು ಗುಮಾಸ್ತರು ನನ್ನನ್ನು ಬಿಡಲೇ ಇಲ್ಲ.

ಮೊದಲು ಪಿಸುಮಾತು ಕೇಳಿತು. ಆಮೇಲೆ ಮಾತು. ಕೊನೆಗೆ ಗುಮಾಸ್ತರು ಹುಟ್ಟಿದ ದಿನ, ತಿಂಗಳು, ವರ್ಷವನ್ನು ಎಷ್ಟು ಜೋರಾಗಿ ಕೂಗಿದರೆಂದರೆ, ಜಗಲಿಯಲ್ಲಿ ಕಾಯುತ್ತ ನನ್ನಿಂದ ವಿಷಯ ಕೇಳಿಕೊಂಡಿದ್ದ ಬ್ಯಾರಿ ವ್ಯಾಪಾರಿಯೊಬ್ಬರು ಬೆರಳು ಮಡಚಿ ಲೆಕ್ಕ ಹಾಕಿ, “ಹೆದರ್ಬೇಡಿ ಮಾರಾಯ್ರೆ, ರಿಟೈರ್ ಆಗುವುದು ಈ ವರ್ಷ ಅಲ್ಲ,” ಎಂದು ನನಗೆ ಸಮಾಧಾನ ಹೇಳಿದರು.

ಬಾಗಿಲು ತೆರೆಯಿತು. ಗುಮಾಸ್ತರು ಬೆವರು ಒರೆಸಿಕೊಳ್ಳುತ್ತ, ಸ್ವರ ತಗ್ಗಿಸಿ, “ಎಂತ ಹೇಳಿದೆ ಅಂತ ನನ್ನ ಹತ್ರ ಕೇಳ್ಬೇಡಿ, ಅದು ಗುಟ್ಟು,” ಎಂದರು. ಅವರ ಹಿಂದೆಯೇ ಬಂದ ದೊಡ್ಡಮ್ಮ ನನ್ನ ತೋಳು ಹಿಡಿದರು. “ಅವರು ಎಂತ ಹೇಳಿದ್ದು? ನನಗೆ ಒಂದೂ ಕೇಳ್ಲಿಲ್ಲ.”

ಜಗಲಿಯಲ್ಲಿದ್ದವರೆಲ್ಲ ಕಾನೂನಿಗೆ ಹೆದರಿ ಮಾಡಿನ ಹಂಚು ನೋಡತೊಡಗಿದರು.

ನಾವು ಬಿಕರ್ನಕಟ್ಟೆಯ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ದೊಡ್ಡಮ್ಮನ ವಯಸ್ಸನ್ನು ನಾನು ಮಾತ್ರ ಇಂದಿಗೂ ಬಾಯಿಬಿಟ್ಟಿಲ್ಲ. ನಿಯಮ ಅಂದರೆ ನಿಯಮ. ತಿಳಿಯಲೇಬೇಕು ಅನ್ನುವವರು ಬಿಕರ್ನಕಟ್ಟೆಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು.