ಅವರೆದುರೇ ಅಳಿಸಿದೆ

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ. ಹುಲೇಕಲ್ ದಾಟಿ ಒಳಗಿರುವ ನಮ್ಮ ಪ್ರೌಢಶಾಲೆಗೆ ಮಕ್ಕಳ ಕಲಿಕೆಗೆಂದು ಒಂದು ಲ್ಯಾಪ್‌ಟಾಪ್, ಜೊತೆಗೆ ಪುಟ್ಟದೊಂದು ರೋಬೋಟ್ ಗಾಡಿ ಬಂದವು. ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿಯಿತ್ತು. ಹಾಗಾಗಿ ಶಿರಸಿಯ ತರಬೇತಿಗೆ ಕನ್ನಡ ಕಲಿಸುವ ನಾನೇ ಹೋದೆ.

ತರಬೇತುದಾರರು ಹಾವೇರಿ ಕಡೆಯವರು. ನನ್ನ ವಿಷಯ ಕೇಳಿ ನಕ್ಕರು. “ಕನ್ನಡದೋರು ಯಾಕ್ ಬಂದ್ರಿ ಮೇಡಂ? ಇಲ್ಲಿ ಮೌಸ್ ಒತ್ತೋದಲ್ರಿ, ಕಪ್ಪು ಪರದೆ ಮ್ಯಾಲೆ ಕಮಾಂಡ್ ಹೊಡೀಬೇಕು. ನಿಮಗ ಆಗೂದಿಲ್ಲ ಬಿಡ್ರಿ.” ಉಳಿದವರೂ ನಕ್ಕರು. “ಮುಂದಿನ ವಾರ ನಿಮ್ಮ ಸಾಲಿಗೆ ಬರ್ತೀನಿ. ಗಾಡಿ ಓಡಲಿಲ್ಲಂದ್ರ ಬ್ಯಾರೆ ಸಾಲಿಗೆ ಒಯ್ತೀನಿ” ಎಂದರು.

ನಮ್ಮ ಮುಖ್ಯೋಪಾಧ್ಯಾಯರು, “ಎಂತಕ್ಕೆ ಬೇಕು ಮೇಡಂ ರಗಳೆ? ತಗಂಡು ಹೋದ್ರೆ ಹೋಗ್ಲಿ” ಎಂದರು. ಬಾಗಿಲಲ್ಲಿದ್ದ ಒಂಬತ್ತನೇ ತರಗತಿಯ ನಾಗವೇಣಿ ಅದನ್ನು ಕೇಳಿಸಿಕೊಂಡಳು. “ಟೀಚರ್, ನಾವು ಒಂದ್ಸಲನೂ ಓಡಿಸಿದ್ದೇ ಇಲ್ಲೆ!”

“ಯಾರೂ ಒಯ್ಯುವುದಿಲ್ಲ” ಎಂದುಬಿಟ್ಟೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಸಂಜೆ ಹುಲೇಕಲ್ ಸೊಸೈಟಿ ಎದುರು ಬಸ್ಸು ಕಾಯುತ್ತ, ಮೊಬೈಲ್‌ನ ಇಂಟರ್‌ನೆಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಗಾಡಿಗೆ ಪ್ರೋಗ್ರಾಂ ಕಳಿಸುವ ಸಾಫ್ಟ್‌ವೇರ್ ಇಳಿಸಿಕೊಂಡೆ. ಮರುದಿನ ಸ್ಟಾಫ್ ರೂಮಿನಲ್ಲಿ ಕೂತು ಕಮಾಂಡ್ ಹೊಡೆದರೆ, ‘ಇಂಥ ಕಮಾಂಡೇ ಇಲ್ಲ’ ಎಂಬ ಉತ್ತರ. ಸಾಫ್ಟ್‌ವೇರ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸಬೇಕಂತೆ. ತಿಳಿಸಿದೆ. ಆಮೇಲೆ ‘ಅನುಮತಿ ಇಲ್ಲ’ ಎಂದಿತು. ಯಾರು ಯಾರೋ ಹೇಳಿದ್ದು ಸಾಲದು ಅಂತ ಈಗ ನೀನೊಂದು ಎಂದು ಲ್ಯಾಪ್‌ಟಾಪಿಗೆ ಬೈದೇ ಬಿಟ್ಟೆ.

ಜೊತೆಗೆ ಬಂದ ಇಂಗ್ಲಿಷ್ ಕೈಪಿಡಿಯನ್ನು ಸಾಲು ಬಿಡದೆ ಓದಿದೆ. ಒಂದು ಖಾಲಿ ಜಾಗ ತಪ್ಪಿದರೂ ಅರ್ಥ ಕೆಡುತ್ತದೆ. ವ್ಯಾಕರಣ ಕಲಿಸುವವಳಿಗೆ ಅದು ಹೊಸದೇ? ಗಾಡಿಯ ತಂತಿ ಸಿಕ್ಕಿಸುವ ಪೋರ್ಟ್ ಬಳಸಲು ನನ್ನ ಹೆಸರಿಗೆ ಅನುಮತಿ ಕೊಟ್ಟು, ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಕಮಾಂಡ್ ಹೊಡೆದದ್ದೇ ಗಾಡಿ ಮೇಜಿನ ಮೇಲೆ ಗಿರ್ರನೆ ತಿರುಗಿ, ಚಹಾ ಲೋಟಕ್ಕೆ ಗುದ್ದಿತು!

ಹೇಳಿದಂತೆ ತರಬೇತುದಾರರು ಬಂದರು. ಗಾಡಿ ಓಡಿದ್ದನ್ನು ನೋಡಿ, “ಯಾರ್ ಮಾಡಿಕೊಟ್ರು ಮೇಡಂ? ಶಿರಸಿ ಅಂಗಡಿಗೆ ಒಯ್ದಿದ್ರೇನು?” ಎಂದರು.

“ನಾನೇ ಮಾಡಿದ್ದು.”

“ಹೌದೇನ್ರಿ?” ಎಂದು ಮುಖ್ಯೋಪಾಧ್ಯಾಯರ ಕಡೆ ನೋಡಿ ಮುಗುಳ್ನಕ್ಕರು.

ನನ್ನ ಮೈ ಉರಿಯಿತು. “ಕೂತ್ಕೊಳ್ಳಿ ಸರ್” ಎಂದವಳೇ ಸಾಫ್ಟ್‌ವೇರನ್ನು ಅವರೆದುರೇ ಅಳಿಸಿಬಿಟ್ಟೆ. “ಅಯ್ಯೋ, ಎಂತ ಮಾಡಿದ್ರಿ!” ಎಂದು ಮುಖ್ಯೋಪಾಧ್ಯಾಯರು ಎದ್ದೇ ನಿಂತರು. ಕಿಟಕಿಯಲ್ಲಿ ಮಕ್ಕಳ ಮುಖಗಳು ತುಂಬಿದ್ದವು.

ಇಳಿಸಿಟ್ಟಿದ್ದ ಫೈಲಿನಿಂದಲೇ ಮೊದಲಿನಿಂದ ಹಾಕಿದೆ. ಎಲ್ಲ ಸರಿಯಾಗಿತ್ತು, ಗಾಡಿ ಮಾತ್ರ ಅಲುಗಲಿಲ್ಲ. ಪರದೆಯ ಮೇಲೆ ‘ಸಾಧನ ಸಿಗಲಿಲ್ಲ’ ಎಂದು ಬಂತು.

“ಇರ್ಲಿ ಬಿಡ್ರಿ ಮೇಡಂ, ನಾ ನೋಡ್ತೀನಿ” ಎಂದು ಅವರು ಲ್ಯಾಪ್‌ಟಾಪ್ ಕಡೆ ಕೈ ಚಾಚಿದರು.

“ಮುಟ್ಟಬೇಡಿ” ಎಂದೆ. ಅಷ್ಟು ಗಟ್ಟಿಯಾಗಿ ನಾನು ತರಗತಿಯಲ್ಲೂ ಮಾತಾಡಿದವಳಲ್ಲ. ಯಾವ ಯಾವ ಪೋರ್ಟ್‌ಗಳಿವೆ ಎಂದು ಕೇಳುವ ಕಮಾಂಡ್ ಕೊಟ್ಟೆ. ಮೊದಲು ಗಾಡಿ ಓಡಿದ್ದನ್ನು ನೋಡಿದ ಮೇಲೆ ಅವರು ಅದರ ತಂತಿ ಕಿತ್ತು ನೋಡಿ, ಲ್ಯಾಪ್‌ಟಾಪಿನ ಬೇರೆ ಪೋರ್ಟ್‌ಗೆ ಸಿಕ್ಕಿಸಿದ್ದರು. ಪೋರ್ಟ್‌ನ ಹೆಸರು ಬದಲಾಗಿತ್ತು. ನಾನು ರೂಢಿಯಲ್ಲಿ ಹಳೆಯದನ್ನೇ ಬರೆದಿದ್ದೆ. ತಿದ್ದಿ, ಎಂಟರ್ ಒತ್ತಿದೆ. ಗಾಡಿ ಮೇಜಿನ ಅಂಚಿನವರೆಗೆ ಹೋಗಿ ತಿರುಗಿ ಬಂತು. ಕಿಟಕಿಯಲ್ಲಿ ಎದ್ದ ಕೂಗು ಗದ್ದೆಯಾಚೆಗೂ ಕೇಳಿರಬೇಕು.

ಅವರು ಶಹಭಾಸ್ ಅನ್ನಲಿಲ್ಲ. “ಇಲ್ಲೇ ಇರ್ಲಿ ಬಿಡ್ರಿ” ಎಂದು ಹೊರಟರು. ನನಗೆ ಬೇಕಾಗಿದ್ದೂ ಅಷ್ಟೇ.

ಬೈಕಿನ ಸದ್ದು ದೂರವಾಗುತ್ತಿದ್ದಂತೆ ನಾಗವೇಣಿ ಒಳಗೆ ನುಗ್ಗಿ, ನನ್ನ ಕುರ್ಚಿಗೆ ಒತ್ತಿಕೊಂಡೇ ಕೂತಳು. “ಟೀಚರ್, ಇನ್ನೊಂದ್ಸಲ ಅಳಿಸಿ. ಈ ಸಲ ನಾ ಹಾಕ್ತೆ.”

ಅಳಿಸಿದೆ. ಈಗಲೂ ‘ನಿಮಗಾಗುವುದಿಲ್ಲ’ ಎಂದು ಯಾರಾದರೂ ಅಂದರೆ ನಾನು ವಾದ ಮಾಡುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತುಬಿಡುತ್ತೇನೆ.