ಇನ್ಸ್‌ಪೆಕ್ಷನ್ ದಿನದ ಮೆಮೊರಿ

2004ರ ಮಾತು. ಗುಬ್ಬಿಯ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಚಿಕ್ಕಮಾರಯ್ಯ ಕಂಪ್ಯೂಟರ್ ಲ್ಯಾಬಿನ ಅಟೆಂಡರು. ಸಿ.ಎಸ್. ಪುರದವರು, ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ. ಕಸ ಗುಡಿಸುತ್ತ, ಹುಡುಗರ ಬೆನ್ನ ಹಿಂದೆ ನಿಂತು ನೋಡುತ್ತಲೇ ಲಿನಕ್ಸ್ ಕಲಿತಿದ್ದರು. ಲೆಕ್ಚರರುಗಳ ಮೆಷಿನ್ ಕೆಟ್ಟರೆ ಕರೆಯುತ್ತಿದ್ದುದು ಅವರನ್ನೇ. ಕರೆಯುತ್ತಿದ್ದುದು ಮಾತ್ರ “ಏನ್ಲಾ ಪೊರಕೆ” ಎಂದು.

ಹತ್ತು ಹಳೇ ಕಂಪ್ಯೂಟರು ಗುಜರಿಗೆ ಹೊರಟಿದ್ದವು. ನಿಟ್ಟೂರಿನ ಸರ್ಕಾರಿ ಹೈಸ್ಕೂಲಿಗೆ ಕೊಡಿ ಎಂದು ಚಿಕ್ಕಮಾರಯ್ಯ ಪ್ರಿನ್ಸಿಪಾಲ್ ಶಿವರಾಮಯ್ಯನ ಮುಂದೆ ನಿಂತರು.

“ಅದ್ರಲ್ಲಿ ಕನ್ನಡಾನೇ ನೆಟ್ಟಗೆ ಬರಲ್ಲ. ಬರೋ ಹಂಗೆ ಮಾಡು, ತಗೊಂಡ್ಹೋಗು. ಶನಿವಾರದೊಳಗೆ ಆಗ್ಬೇಕು.”

ತೆರೆಯ ಮೇಲೆ ಒತ್ತಕ್ಷರಗಳು ಕೈಕಾಲು ಮುರಿದುಕೊಂಡು ಬೀಳುತ್ತಿದ್ದವು. ಸರಿಮಾಡಲು ಬ್ರೌಸರಿನ ಸೋರ್ಸ್ ಕೋಡ್ ತಂದು, ಕನ್ನಡಕ್ಕೆ ಬೇಕಾದ್ದು ಸೇರಿಸಿ, ಓಡುವ ಪ್ರೋಗ್ರಾಮಾಗಿ ತಾವೇ ಕಂಪೈಲ್ ಮಾಡಬೇಕಿತ್ತು. ಒಂದು ಸಲ ಆದರೆ ಸಾಕು, ಹಳೇ ಮೆಷಿನ್ನಿನಲ್ಲೂ ಓಡುತ್ತದೆ. ಲ್ಯಾಬಿನ ಮೆಷಿನ್ನಿನಲ್ಲಿ ಮೂರು ದಿನ ಮಾಡಿದರು. ಆರು ಗಂಟೆ ಗರಗರ ತಿರುಗಿ, ಸಾವಿರಾರು ತುಂಡುಗಳನ್ನು ಒಂದುಗೂಡಿಸುವ ಕೊನೇ ಹಂತಕ್ಕೆ ಬಂದು, ಮೆಮೊರಿ ಸಾಲದೆ ‘ಕಿಲ್ಡ್’ ಎಂದು ಸಾಯುತ್ತಿತ್ತು. ಹಾರ್ಡ್ ಡಿಸ್ಕಿನಲ್ಲೂ ಮೆಮೊರಿಗೆ ಕಡ ಕೊಡುವಷ್ಟು ಜಾಗವಿಲ್ಲ.

ಗುರುವಾರ ಮೆಷಿನ್ನಿನ ಡಬ್ಬ ಬಿಚ್ಚಿ ನೋಡಿದರು. ಸ್ಟಾಕ್ ರಿಜಿಸ್ಟರಿನಲ್ಲಿ ಲ್ಯಾಬಿನ ಪ್ರತಿ ಮೆಷಿನ್ನಿಗೂ ಎರಡು ರ‍್ಯಾಮ್. ಒಳಗಿದ್ದ ಮೆಮೊರಿ ಪಟ್ಟಿ ಒಂದು. ಎಲ್ಲದರಲ್ಲೂ ಒಂದೇ.

“ಇನ್ನೊಂದೆಲ್ಲಿ ಸಾರ್?”

ವಿಭಾಗದ ಮುಖ್ಯಸ್ಥ ಲಕ್ಷ್ಮೀಕಾಂತ್ ನಕ್ಕ. “ನಮ್ ಕುಣಿಗಲ್ ಕಾಲೇಜ್ನಾಗವೆ ಕಣೋ. ಇನ್ಸ್‌ಪೆಕ್ಷನ್ ದಿವ್ಸ ಇಲ್ಲಿಗ್ ಬರ್ತವೆ, ಮಾರನೇ ದಿವ್ಸ ಅಲ್ಲಿ ಇನ್ಸ್‌ಪೆಕ್ಷನ್, ಅಲ್ಲಿಗೋಗ್ತವೆ. ನೆಂಟ್ರಿದ್ದಂಗೆ.”

ಒಂದೇ ಗಂಡನ್ನು ಎರಡು ಮನೆಗೆ ತೋರಿಸಿದವನಿಗೆ ಊರು ಮೆಟ್ಟಿನಲ್ಲಿ ಹೊಡೆಯುತ್ತದೆ. ಇವರಿಗೋ ಸೀಟು ಮಂಜೂರು ಮಾಡುವ ಕಮಿಟಿ ಬಂದು, ಹಾರ ಹಾಕಿಸಿಕೊಂಡು, ಸಹಿ ಮಾಡಿಕೊಟ್ಟು ಹೋಗುತ್ತದೆ. ಲ್ಯಾಬ್ ಫೀಸು ಕಟ್ಟಿದ ಮಕ್ಕಳು ಅರ್ಧ ಮೆಷಿನ್ನಿನ ಮುಂದೆ ಕೂತು, ತಮಗೇ ಬುದ್ಧಿ ಸಾಲದು ಅಂದುಕೊಳ್ಳಬೇಕು!

ಶುಕ್ರವಾರವೇ ಇನ್ಸ್‌ಪೆಕ್ಷನ್. ಬೆಳಿಗ್ಗೆ ಏಳಕ್ಕೆ ರ‍್ಯಾಮ್‌ಗಳನ್ನು ಸಿಕ್ಕಿಸಿದ್ದು ಚಿಕ್ಕಮಾರಯ್ಯನವರೇ. ಮೂಲೆಯ ಮೆಷಿನ್ನಿನಲ್ಲಿ ಕಂಪೈಲ್ ಹಚ್ಚಿ, ಮಾನಿಟರ್ ಆರಿಸಿಟ್ಟರು. ಕಮಿಟಿ ಬಂತು, ಎಣಿಸಿತು, ಪಕ್ಕದ ಕೋಣೆಯಲ್ಲಿ ಹೋಳಿಗೆ ಊಟಕ್ಕೆ ಕೂತಿತು. ಒಂದು ಗಂಟೆಗೆ ಲಕ್ಷ್ಮೀಕಾಂತ್ ರಟ್ಟಿನ ಪೆಟ್ಟಿಗೆ ಹಿಡಿದು ಬಂದ.

“ಬಿಚ್ಚಲಾ ಎಲ್ಲಾನೂ. ಕುಣಿಗಲ್ ಜೀಪ್ ಕಾಯ್ತೈತೆ.”

“ಇದೊಂದ್ ಬುಡಿ ಸಾರ್. ಕೊನೇ ಹಂತ, ಅರ್ಧ ಗಂಟೆ.”

“ಪೊರಕೆಗೆ ಸಾಫ್ಟ್‌ವೇರ್ ಬೇರೆ ಕೇಡು!” ಕೈ ಸ್ವಿಚ್ಚಿಗೆ ಹೋಯಿತು.

ಚಿಕ್ಕಮಾರಯ್ಯ ಆ ಕೈ ಹಿಡಿದರು. ಹದಿನಾಲ್ಕು ವರ್ಷದ ಚಾಕರಿಯಲ್ಲಿ ಮೊದಲ ಸಲ.

“ಆರ್ಸಿ ನೋಡಾನ. ಕಮಿಟಿಯವ್ರು ಇನ್ನೂ ಹೋಳ್ಗೆ ತಿಂತಾವ್ರೆ. ಕೂಗ್ಲಾ?”

ಆಮೇಲೆ ಲಕ್ಷ್ಮೀಕಾಂತ್ ಪೆಟ್ಟಿಗೆ ಹಿಡಿದು ನಿಂತೇ ಇದ್ದ. ಅಟೆಂಡರು ಕೂತಿದ್ದರು. ಒಂದೂ ನಲವತ್ತಕ್ಕೆ ಕಂಪೈಲ್ ಮುಗಿಯಿತು. ತೆರೆಯ ಮೇಲೆ ‘ನಿಟ್ಟೂರು’ ಒತ್ತಿನ ಸಮೇತ ನೆಟ್ಟಗೆ ನಿಂತಿತು.

ಶನಿವಾರ ಹತ್ತೂ ಕಂಪ್ಯೂಟರು ಟೆಂಪೋ ಹತ್ತಿ ನಿಟ್ಟೂರಿಗೆ ಹೋದವು. ಪ್ರಿನ್ಸಿಪಾಲ್ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಸೋಮವಾರ ಚಿಕ್ಕಮಾರಯ್ಯನವರ ಕೈಗೆ ವಜಾ ಪತ್ರ. ಮೇಲಿನವರ ಕೈ ಹಿಡಿದದ್ದು ಅಶಿಸ್ತಂತೆ. ಈಗ ಅವರು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ.

ರ‍್ಯಾಮ್ ಹೊತ್ತು ಊರೂರು ತಿರುಗಿಸಿದವರಿಗೆ ಆ ವರ್ಷ ಅರವತ್ತು ಸೀಟು ಹೆಚ್ಚಿಗೆ ಮಂಜೂರಾಯಿತು.