ಮಡಿಮನೆಯ ಗೀಸರು

ರಾಯಚೂರಿನ ಬೋರ್‌ವೆಲ್ ನೀರಿನ ಉಪ್ಪಿಗೆ ಗೀಸರಿನ ಕಾಯಿಲ್‌ಗಳು ಬೇಗ ಕೆಡುತ್ತವೆ. ಇಪ್ಪತ್ತು ವರ್ಷಗಳಿಂದ ಅವನ್ನು ಬದಲಿಸುತ್ತಿದ್ದ ಖಲೀಲ್, ಸತ್ಯಭಾಮಾಬಾಯಿಯವರ ಅಡುಗೆಮನೆಗೆ ಮಾತ್ರ ಎಂದೂ ಕಾಲಿಟ್ಟವನಲ್ಲ. ಗೀಸರಿನ ಸ್ವಿಚ್ಚು ಅಲ್ಲೇ ಇತ್ತು.

“ಸ್ವಿಚ್ ಬಂದ್ ಮಾಡ್ರಿ ಬಾಯಾರ,” ಎಂದು ಬಚ್ಚಲಿನಿಂದ ಕೂಗಿದ.

ಮಡಿಯಲ್ಲಿದ್ದ ಆಕೆ ಕೋಲಿನಿಂದ ಸ್ವಿಚ್ಚು ಒತ್ತಿದ ಸದ್ದು ಕೇಳಿತು. “ಆತು. ಕಾಯಿಲ್ ಹಾಕ್ಲಿಕ್ಕೆ ಬಂದೀಯೋ, ಅದರ ಲಗ್ನಾ ಮಾಡ್ಲಿಕ್ಕೋ? ಲಗೂ ಮುಗಸೋ!”

ಖಲೀಲ್ ನಕ್ಕ. ಹಿರಿಯರು ಆತು ಎಂದ ಮೇಲೂ ಟೆಸ್ಟರ್ ಹಚ್ಚಿ ನೋಡುವುದು ಮರ್ಯಾದೆಯಲ್ಲವೆನಿಸಿ, ನೇರವಾಗಿ ತಂತಿ ಹಿಡಿದ.

ಪಡಸಾಲೆಯಲ್ಲಿ ಎಚ್ಚರವಾದಾಗ ಅವನ ತಲೆ, ಮಡಿ ಮರೆತ ಸತ್ಯಭಾಮಾಬಾಯಿಯವರ ತೊಡೆಯ ಮೇಲಿತ್ತು. ಬಲಗೈ ಬೆರಳುಗಳು ಕರಕಲಾಗಿದ್ದವು. ಅಡುಗೆಮನೆಯ ಗೋಡೆಯಲ್ಲಿ ಗೀಸರಿನ ಸ್ವಿಚ್ಚಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು; ಕೋಲು ಒತ್ತಿದ್ದು ಪಕ್ಕದ ಸ್ವಿಚ್ಚನ್ನು.

“ನಾ ಬಂದ್ ಮಾಡಿದ್ನಲ್ಲೋ ಖಲೀಲಾ?”

“ಮಾಡಿದ್ರಿ ಬಾಯಾರ. ತಪ್ಪು ನಂದು,” ಎಂದ.

ಆ ಕೈ ಮತ್ತೆ ಸ್ಕ್ರೂಡ್ರೈವರ್ ಹಿಡಿಯಲಿಲ್ಲ.